ಚಳಿಗಾಲದ ಕೆಮ್ಮು, ಶಾಲೆಯ ಸೂಚನೆ, ಅಜ್ಜಿಯ ಭಯ: ಮಗನನ್ನು ಶಾಲೆಗೆ ಕಳಿಸಲೋ ಬೇಡವೋ?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಮಗನಿಗೆ 7 ವರ್ಷ, ಊರಿನ ಸರ್ಕಾರಿ ಶಾಲೆಯಲ್ಲಿ 2ನೇ ತರಗತಿ, ತೂಕ 20 ಕೆ.ಜಿ. ಡಿಸೆಂಬರ್ ಶುರುವಾಗುತ್ತಲೇ ಶಾಲೆಯಿಂದ ಪೋಷಕರಿಗೆ ಒಂದು ಹಾಳೆ ಬಂತು. ಸ್ವೆಟರ್ ಹಾಕಿ ಕಳಿಸಿ, ಕುಡಿಯಲು ಬಿಸಿನೀರು ಕೊಡಿ, ನೆಗಡಿ ಕೆಮ್ಮು ಇದ್ದರೆ ಕಳಿಸಬೇಡಿ, ವಾರ್ಷಿಕೋತ್ಸವದ ಡ್ಯಾನ್ಸ್ ಪ್ರಾಕ್ಟೀಸ್ ನಡೀತಿದೆ, ರಜೆ ಹಾಕಿಸಬೇಡಿ. ಎಲ್ಲವೂ ಒಂದೇ ಹಾಳೆಯಲ್ಲಿದೆ. ನಮ್ಮ ಹುಡುಗನಿಗೆ ಕೆಮ್ಮಿಲ್ಲದ ದಿನವೇ ಇಲ್ಲ. ಹೋದ ವರ್ಷವೂ ದೀಪಾವಳಿ ಕಳೆದ ಮೇಲೆ ಶುರುವಾಗಿ ಶಿವರಾತ್ರಿವರೆಗೂ ಬಿಡಲಿಲ್ಲ. ಹಗಲು ಆಡಿಕೊಂಡಿರುತ್ತಾನೆ, ರಾತ್ರಿ ಎರಡು ಮೂರು ಗಂಟೆಗೆ ಕೆಮ್ಮಿ ಕೆಮ್ಮಿ ಎದ್ದು ಕೂರುತ್ತಾನೆ. ಪ್ರಾಕ್ಟೀಸಿನಲ್ಲಿ ಕುಣಿದರೆ ಎದೆಯಲ್ಲಿ ಸುಂಯ್ ಅನ್ನುತ್ತೆ ಅಂತ ಮೇಡಂ ಹೇಳಿದರು. ಮೂರು ಸಲ ಆಂಟಿಬಯೋಟಿಕ್, ನಾಲ್ಕು ಥರದ ಸಿರಪ್ ಆಯ್ತು. ಈಗ ಮಂಡ್ಯದ ಮಕ್ಕಳ ಡಾಕ್ಟರು ಪಫ್ ಬರೆದುಕೊಟ್ಟಿದ್ದಾರೆ. ಅತ್ತೆಯವರು "ಈ ವಯಸ್ಸಿಗೇ ಪಫ್ ಹಿಡಿಸಿದರೆ ಜೀವಮಾನ ಬಿಡಲ್ಲ" ಅನ್ನುತ್ತಾರೆ. ಬಾಳೆಹಣ್ಣು, ಮಜ್ಜಿಗೆ, ತಲೆಸ್ನಾನ ಎಲ್ಲವನ್ನೂ ನಿಲ್ಲಿಸಿದ್ದಾರೆ. ಶಾಲೆಗೆ ಕಳಿಸಲೋ ಬೇಡವೋ, ಪಫ್ ಕೊಡಲೋ ಬೇಡವೋ? ದಯವಿಟ್ಟು ತಿಳಿಸಿ.

ಉತ್ತರ: ನೀವು ಕೇಳಿದ ಎರಡಕ್ಕೂ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಜ್ವರ ಇಲ್ಲ, ಉಸಿರು ಸಲೀಸಾಗಿದೆ, ತಿಂಡಿ ತಿಂದಿದ್ದಾನೆ ಅಂದರೆ ಬರೀ ಕೆಮ್ಮಿನ ಕಾರಣಕ್ಕೆ ಮಗನನ್ನು ಮನೆಯಲ್ಲಿ ಕೂರಿಸಬೇಡಿ. ಡಾಕ್ಟರು ಬರೆದ ಪಫ್, ಅಂದರೆ ಬಾಯಿಂದ ಉಸಿರಿನ ಜೊತೆ ಎಳೆದುಕೊಳ್ಳುವ ಇನ್‌ಹೇಲರ್, ಕೊಡಿ. ಯಾಕೆ ಅನ್ನುವುದಕ್ಕೆ ಸ್ವಲ್ಪ ಉದ್ದದ ಮಾತು ಬೇಕು. ನಿಮ್ಮ ಮನೆಯಲ್ಲಿ ಶೀತ ಅಂದುಕೊಂಡಿರುವುದು ಬಹುಪಾಲು ಶೀತವಲ್ಲ, ಆಸ್ತಮಾ ಇರಬೇಕು ಎಂದು ನಿಮ್ಮ ಪತ್ರವೇ ಹೇಳುತ್ತಿದೆ.

ಹೇಗೆ ಅಂದರೆ, ವೈರಸ್ಸಿನಿಂದ ಬರುವ ಮಾಮೂಲಿ ನೆಗಡಿಗೆ ಒಂದು ಕ್ರಮ ಇರುತ್ತದೆ. ಮೂಗು ಸೋರುತ್ತದೆ, ಒಂದೆರಡು ದಿನ ಮೈ ಬೆಚ್ಚಗಾಗುತ್ತದೆ, ಕೆಮ್ಮು ಬರುತ್ತದೆ, ಎರಡು ವಾರದೊಳಗೆ ಬಹುಪಾಲು ಇಳಿಯುತ್ತದೆ. ಕೆಲವು ಮಕ್ಕಳಲ್ಲಿ ಕೆಮ್ಮು ಮಾತ್ರ ಮೂರನೇ ವಾರಕ್ಕೂ ಎಳೆಯುವುದುಂಟು. ಶಾಲೆಗೆ ಹೋಗುವ ಸಣ್ಣ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ಹೀಗಾಗುವುದು ಸಹಜ. ಮೂಗಿನ ಸಿಂಬಳ ಹಸಿರಾದ ಮಾತ್ರಕ್ಕೆ ಆಂಟಿಬಯೋಟಿಕ್ ಬೇಕು ಅಂತಲೂ ಇಲ್ಲ.

ನಿಮ್ಮ ಮಗನದು ಈ ಕ್ರಮ ಅಲ್ಲ. ಎರಡು ವರ್ಷದಿಂದ ಅದೇ ತಿಂಗಳುಗಳಲ್ಲಿ ಬರುತ್ತಿದೆ. ಹಗಲು ಇಲ್ಲದ್ದು ನಡುರಾತ್ರಿ, ಬೆಳಗಿನ ಜಾವ ಹೆಚ್ಚುತ್ತದೆ. ಕುಣಿದರೆ, ಓಡಿದರೆ ಎದೆಯಲ್ಲಿ ಸಿಳ್ಳೆ ಹೊಡೆದಂತೆ ಸದ್ದು. ಆಂಟಿಬಯೋಟಿಕ್‌ಗೆ ಬಗ್ಗಿಲ್ಲ. ಈ ನಾಲ್ಕು ಒಟ್ಟಿಗೆ ಇದ್ದರೆ ಮಕ್ಕಳ ವೈದ್ಯರು ಮೊದಲು ಯೋಚಿಸುವುದೇ ಆಸ್ತಮಾ. ಹಳಬರು ಗೂರಲು, ಉಬ್ಬಸ, ದಮ್ಮು ಅಂದದ್ದು ಇದನ್ನೇ. ಆ ಹೆಸರು ಕೇಳಿದರೆ ಏದುಸಿರು ಬಿಡುತ್ತಾ ಜಗಲಿ ಮೇಲೆ ಕೂತ ಮುದುಕರ ಚಿತ್ರ ಕಣ್ಣಿಗೆ ಬರುವುದರಿಂದ ಮನೆಯವರು ಒಪ್ಪುವುದಿಲ್ಲ. ಮಕ್ಕಳಲ್ಲಿ ಅದು ಹಾಗೆ ಕಾಣುವುದಿಲ್ಲ, ಎಷ್ಟೋ ಸಲ ಬರೀ ರಾತ್ರಿ ಕೆಮ್ಮಾಗಿಯೇ ಕಾಣುತ್ತದೆ.

ಆಸ್ತಮಾದಲ್ಲಿ ಶ್ವಾಸನಾಳದ ಒಳಪದರ ಸದಾ ಸ್ವಲ್ಪ ಊದಿಕೊಂಡು ಕೆಂಪಾಗಿರುತ್ತದೆ. ಅಂಥ ನಾಳಕ್ಕೆ ಹೊಗೆ, ದೂಳು, ತಣ್ಣನೆಯ ಒಣಗಾಳಿ ಅಥವಾ ಒಂದು ನೆಗಡಿ ವೈರಸ್ ತಗುಲಿದರೆ ಸಾಕು, ಸುತ್ತಲಿನ ಸ್ನಾಯು ಬಿಗಿದುಕೊಂಡು ದಾರಿ ಕಿರಿದಾಗುತ್ತದೆ. ಆ ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವ ಸದ್ದೇ ನಿಮ್ಮ ಮೇಡಂ ಕೇಳಿದ ಸುಂಯ್. ಅಂದರೆ ಇಲ್ಲಿ ಎರಡು ಕೆಲಸ ಆಗಬೇಕು: ಬಿಗಿತ ಸಡಿಲಿಸುವುದು, ಊತ ಇಳಿಸುವುದು. ಪಫ್‌ನಲ್ಲಿ ಎರಡು ಬಗೆ ಇರುವುದು ಇದಕ್ಕೇ. ಅದಕ್ಕೆ ಮುಂದೆ ಬರುತ್ತೇನೆ.

ಆಸ್ತಮಾ ಎಂದು ಒಪ್ಪುವ ಮೊದಲು ತಳ್ಳಿಹಾಕಬೇಕಾದ ಸಂಗತಿಗಳೂ ಇವೆ. ಕೆಮ್ಮು ಎರಡು ವಾರ ದಾಟಿದ್ದು, ಜೊತೆಗೆ ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಅಥವಾ ಮನೆಯಲ್ಲಿ, ಅಕ್ಕಪಕ್ಕದಲ್ಲಿ ಯಾರಿಗಾದರೂ ಕ್ಷಯ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೇಳಿ, ಪರೀಕ್ಷೆ ಉಚಿತ. ಕಡಲೆಬೀಜವನ್ನೋ ಅವರೆಕಾಳನ್ನೋ ಬಾಯಲ್ಲಿಟ್ಟುಕೊಂಡು ಆಡುತ್ತಿದ್ದಾಗ ಒಮ್ಮೆಲೇ ನೆತ್ತಿಗೇರಿದಂತಾಗಿ, ಅಂದಿನಿಂದಲೇ ಕೆಮ್ಮು ಶುರುವಾಗಿದ್ದರೆ ಕಾಳು ಶ್ವಾಸನಾಳದಲ್ಲಿ ಕೂತಿರಬಹುದು, ಅದನ್ನು ಡಾಕ್ಟರಿಗೆ ಮರೆಯದೆ ಹೇಳಬೇಕು. ಸಂಕ್ರಾಂತಿಯ ಎಳ್ಳುಬೆಲ್ಲದ ಕಡಲೆಬೀಜ, ಕೊಬ್ಬರಿ ಚೂರನ್ನು ನಾಲ್ಕು ವರ್ಷದೊಳಗಿನ ತಮ್ಮ ತಂಗಿಯರ ಕೈಗೆ ಕೊಡಬೇಡಿ ಅನ್ನುವುದೂ ಇದೇ ಭಯಕ್ಕೆ. ಬಾಯಿ ತೆರೆದು ಮಲಗಿ ಗೊರಕೆ ಹೊಡೆಯುವ ಮಗುವಾದರೆ ಮೂಗಿನ ಹಿಂಭಾಗದ ಅಡಿನಾಯ್ಡ್ ಗ್ರಂಥಿ ಊದಿದೆಯೇ ಎಂದು ನೋಡಿಸಬೇಕು. ಇವು ಯಾವುವೂ ನಿಮ್ಮ ಪತ್ರದಲ್ಲಿ ಇಲ್ಲ, ಆದರೂ ಒಮ್ಮೆ ನೆನಪಿಸಿಕೊಳ್ಳಿ. ಎಕ್ಸ್‌ರೇಯಲ್ಲಿ ಆಸ್ತಮಾ ಕಾಣುವುದಿಲ್ಲ, "ಎಕ್ಸ್‌ರೇ ನಾರ್ಮಲ್ ಇದೆ, ಹಂಗಾದ್ರೆ ಏನಿಲ್ಲ" ಎಂದು ಸುಮ್ಮನಾಗಬೇಡಿ. 7 ವರ್ಷದ ಮಗು ಶ್ವಾಸಕೋಶದ ಶಕ್ತಿ ಅಳೆಯುವ ಯಂತ್ರಕ್ಕೆ ಊದುವ ಪರೀಕ್ಷೆ ಮಾಡಬಲ್ಲದು. ಅದು ಹತ್ತಿರದಲ್ಲಿ ಸಿಗದಿದ್ದರೆ, ಪಫ್ ಕೊಟ್ಟಾಗ ಕೆಮ್ಮು, ಸಿಳ್ಳೆ ಇಳಿಯುತ್ತದೆಯೇ ಎಂದು ನೋಡುವುದೂ ರೋಗ ಗುರುತಿಸುವ ಒಂದು ದಾರಿಯೇ.

ಚಳಿಗಾಲದಲ್ಲೇ ಯಾಕೆ?

ನಮ್ಮ ಮಂಡ್ಯ, ಮೈಸೂರಿನ ಚಳಿ ಅಂಥ ಕೊರೆಯುವ ಚಳಿಯಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಸಾಮಾನ್ಯವಾಗಿ 15ರಿಂದ 17 ಡಿಗ್ರಿ ಆಸುಪಾಸಿರುತ್ತದೆ. ಅಷ್ಟು ಚಳಿಯೇ ಇಷ್ಟು ಕೆಮ್ಮು ತರುವುದಿಲ್ಲ. ಆದರೆ ಆ ಹೊತ್ತಿನಲ್ಲಿ ನೆಲಕ್ಕೆ ಹತ್ತಿರದ ಗಾಳಿ ತಂಪಾಗಿ ಭಾರವಾಗಿರುತ್ತದೆ. ಹೊಗೆ ಮೇಲೇರದೆ ಮನೆ ಮಟ್ಟದಲ್ಲೇ, ಮಕ್ಕಳ ಮೂಗಿನ ಮಟ್ಟದಲ್ಲೇ ಮಂಜಿನ ಜೊತೆ ನಿಂತುಬಿಡುತ್ತದೆ. ಈ ತಿಂಗಳುಗಳಲ್ಲಿ ನಿಮ್ಮ ಸುತ್ತ ಹೊಗೆ, ದೂಳಿಗೆ ಏನೂ ಕಡಿಮೆಯಿಲ್ಲ: ಭತ್ತದ ಕಟಾವು, ರಾಗಿ ಒಕ್ಕಣೆ, ಕಬ್ಬು ಕಡಿದ ಮೇಲೆ ತರಗಿಗೆ ಇಡುವ ಬೆಂಕಿ, ಆಲೆಮನೆಯ ಒಲೆ, ಗದ್ದೆ ಬದುವಿನ ಕಾಂಗ್ರೆಸ್ ಗಿಡದ ಪರಾಗ. ದೀಪಾವಳಿ ಪಟಾಕಿಯಿಂದ ಶುರುವಾಗಿ ಶಿವರಾತ್ರಿಗೆ ಮುಗಿಯುತ್ತದೆ ಎಂದು ನೀವು ಬರೆದದ್ದು ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ.

ಇನ್ನು ಮನೆಯೊಳಗಿನದು. ಬಚ್ಚಲ ಹಂಡೆಗೆ ತೆಂಗಿನ ಗರಿ, ಕಬ್ಬಿನ ತರಗು ಉರಿಸುತ್ತೀರಾ? ಹಾಗಿದ್ದರೆ ಅತ್ತೆಯವರು ತಲೆಸ್ನಾನ ನಿಲ್ಲಿಸಿದಾಗ ಕೆಮ್ಮು ನಿಜಕ್ಕೂ ಒಂಚೂರು ಕಡಿಮೆಯಾಗಿರಬಹುದು. ತಪ್ಪು ನೀರಿನದಲ್ಲ. ಹೊಗೆ ತುಂಬಿದ ಬಚ್ಚಲಲ್ಲಿ ಹುಡುಗ ಅರ್ಧ ಗಂಟೆ ಕೂರುವುದು ತಪ್ಪಿತಲ್ಲ, ಅದು. ಅವರ ಗಮನಿಕೆ ಸರಿ, ಕಾರಣ ಬೇರೆ. ಒಲೆ ಆರಿದ ಮೇಲೆ, ಬಾಗಿಲು ತೆರೆದು ಹೊಗೆ ಹೋದ ಮೇಲೆ ಮಗನನ್ನು ಒಳಗೆ ಕರೆಯಿರಿ. ಇಲ್ಲವೇ ಕಾದ ನೀರನ್ನು ಬಕೆಟ್ಟಿನಲ್ಲಿ ಹೊರಗೆ ತಂದು ಸ್ನಾನ ಮಾಡಿಸಿ. ವಾರಕ್ಕೆ ಎರಡು ಸಲ ಬಿಸಿನೀರಿನ ತಲೆಸ್ನಾನಕ್ಕೆ ಯಾವ ಅಡ್ಡಿಯೂ ಇಲ್ಲ, ತಲೆಯನ್ನು ಟವೆಲಿನಲ್ಲಿ ಚೆನ್ನಾಗಿ ಒರೆಸಿದರೆ ಆಯಿತು. ಕೂದಲು ಒಣಗಿಸಲು ಸಾಂಬ್ರಾಣಿ ಹೊಗೆ ಮಾತ್ರ ಬೇಡ. ಸೊಳ್ಳೆಬತ್ತಿಯೂ ಬೇಡ, ಪರದೆ ಕಟ್ಟಿ. ಬೀಡಿ ಸಿಗರೇಟು ಸೇದುವವರು ಜಗಲಿಯಲ್ಲಿ ಸೇದಿದರೂ ಹೊಗೆ ಬಟ್ಟೆಯಲ್ಲಿ ಒಳಗೆ ಬರುತ್ತದೆ.

ಶಾಲೆ ಕೇಳಿದ ಸ್ವೆಟರ್ ವಿಷಯದಲ್ಲೂ ಒಂದು ಮಾತಿದೆ. ಹತ್ತು ತಿಂಗಳು ಟ್ರಂಕಿನಲ್ಲಿದ್ದ ಸ್ವೆಟರನ್ನು ಕೊಡವಿ ಹಾಗೇ ತೊಡಿಸುವುದು ಬಹಳ ಮನೆಗಳಲ್ಲಿ ನಡೆಯುವ ತಪ್ಪು. ಅದರ ಎಳೆಗಳಲ್ಲಿ ಕಣ್ಣಿಗೆ ಕಾಣದ ದೂಳಿನ ನುಸಿ ಸೇರಿಕೊಂಡಿರುತ್ತದೆ, ಮೇಲೆ ನುಸಿಗುಳಿಗೆಯ ಘಾಟು ಬೇರೆ. ಎರಡೂ ಆಸ್ತಮಾ ಇರುವ ಮಗುವಿಗೆ ಆಗಿಬರುವುದಿಲ್ಲ. ಬಿಸಿನೀರಿನಲ್ಲಿ ಒಗೆದು, ಎರಡು ದಿನ ಒಳ್ಳೆಯ ಬಿಸಿಲಲ್ಲಿ ಒಣಗಿಸಿ, ಒಳಗೊಂದು ತುಂಬುತೋಳಿನ ಹತ್ತಿ ಅಂಗಿ ತೊಡಿಸಿ ಮೇಲೆ ಹಾಕಿ. ಕಂಬಳಿ, ರಗ್ಗು, ದಿಂಬಿಗೂ ಇದೇ ಉಪಚಾರ. ಹತ್ತು ಗಂಟೆಗೆ ಬಿಸಿಲೇರಿದ ಮೇಲೂ ಸ್ವೆಟರಿನಲ್ಲಿ ಬೆವರುತ್ತಾ ಕೂರುವುದು ಬೇಕಿಲ್ಲ, ತೆಗೆದು ಬ್ಯಾಗಿಗೆ ಹಾಕಿಕೊಳ್ಳಲು ಹುಡುಗನಿಗೇ ಹೇಳಿಕೊಡಿ.

ನಿಲ್ಲಿಸಿದ್ದನ್ನು ಮತ್ತೆ ಕೊಡಿ

ಬಾಳೆಹಣ್ಣು, ಮಜ್ಜಿಗೆ, ಹಾಲಿನಿಂದ ನೆಗಡಿ ಬರುವುದಿಲ್ಲ, ಕಫ ಹೆಚ್ಚುವುದೂ ಇಲ್ಲ. ಹಾಲು ಕುಡಿದಾಗ ಗಂಟಲಲ್ಲಿ ಜೊಲ್ಲು ಸ್ವಲ್ಪ ಮಂದವಾದಂತೆ ಅನ್ನಿಸುತ್ತದೆ, ಅದನ್ನೇ ಕಫ ಅಂದುಕೊಳ್ಳುತ್ತೇವೆ. ಶಾಲೆಯಲ್ಲಿ ಕೊಡುವ ಕ್ಷೀರಭಾಗ್ಯದ ಬಿಸಿ ಹಾಲು, ಮಧ್ಯಾಹ್ನದ ಬಿಸಿಯೂಟ, ಮೊಟ್ಟೆ ಅಥವಾ ಮೊಟ್ಟೆ ತಿನ್ನದವರಿಗೆ ಕೊಡುವ ಬಾಳೆಹಣ್ಣು, ಇವು 20 ಕೆ.ಜಿ. ತೂಕದ ಹುಡುಗನಿಗೆ ಬೇಕೇ ಬೇಕಾದ ಆಹಾರ. ಪದೇ ಪದೇ ಕಾಯಿಲೆ ಬೀಳುವ ಮಗುವಿನ ತಟ್ಟೆಯಿಂದಲೇ ಊಟ ಕಿತ್ತುಕೊಳ್ಳುವುದು ದೊಡ್ಡ ನಷ್ಟ. ಯಾವುದೋ ಒಂದು ಪದಾರ್ಥ ತಿಂದ ಪ್ರತಿ ಸಲವೂ ಒಂದೆರಡು ಗಂಟೆಯೊಳಗೆ ಮೈಮೇಲೆ ದದ್ದು, ತುಟಿ ಊತ, ಕೆಮ್ಮು ಬಂದರೆ ಆಗ ಅದೊಂದನ್ನು ಬಿಡಿಸಿ ಡಾಕ್ಟರಿಗೆ ತೋರಿಸಿ. ಫ್ರಿಜ್ಜಿನಿಂದ ತೆಗೆದ ಐಸ್‌ನೀರು ಕುಡಿದ ಕೂಡಲೇ ಕೆಲವು ಆಸ್ತಮಾ ಮಕ್ಕಳಿಗೆ ಕೆಮ್ಮು ಬರುವುದು ನಿಜ, ಅದನ್ನು ಬಿಡಬಹುದು. ಶಾಲೆಗೆ ಕುದಿಸಿ ಆರಿಸಿದ ನೀರು ಸಾಕು. ಸುಡುನೀರಿನ ಬಾಟಲಿ ಬೇಡ, ಸಣ್ಣ ಕೈಗಳು ಚೆಲ್ಲಿಕೊಂಡು ಸುಟ್ಟುಕೊಳ್ಳುತ್ತವೆ.

ಸುಟ್ಟುಕೊಳ್ಳುವ ಮಾತು ಬಂತು ಎಂದು ಹಬೆಯ ವಿಷಯ. ಕುದಿಯುವ ಪಾತ್ರೆಯ ಮುಂದೆ ಮಗುವನ್ನು ಕೂರಿಸಿ ಕಂಬಳಿ ಹೊದಿಸುವುದನ್ನು ದಯವಿಟ್ಟು ಬಿಡಿ. ಅದರಿಂದ ಶ್ವಾಸನಾಳದ ಬಿಗಿತ ಇಳಿಯುವುದಿಲ್ಲ, ಪಾತ್ರೆ ಮಗುಚಿ ತೊಡೆ, ಹೊಟ್ಟೆ ಬೆಂದ ಮಕ್ಕಳು ಆಸ್ಪತ್ರೆಗಳಿಗೆ ಪ್ರತಿ ಚಳಿಗಾಲ ಬರುತ್ತಾರೆ. ಕರ್ಪೂರ ಕಲಸಿದ ಎಣ್ಣೆಯನ್ನು, ನೋವಿನ ಮುಲಾಮನ್ನು ಮೂಗಿನ ಹೊಳ್ಳೆಗೆ ಹಚ್ಚಬೇಡಿ. ಕರ್ಪೂರ ಹೊಟ್ಟೆಗೆ ಹೋದರೆ ಸ್ವಲ್ಪಕ್ಕೇ ಫಿಟ್ಸ್ ಬರಬಹುದು. ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ಮೂಗು ಕಟ್ಟಿದ್ದರೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸಾದಾ ಉಪ್ಪುನೀರಿನ ಹನಿ ಸಾಕು. ಗಂಟಲ ಕೆರೆತಕ್ಕೆ ಮಲಗುವ ಮುಂಚೆ ಒಂದು ಟೀ ಚಮಚ ಜೇನುತುಪ್ಪ ಕೊಡಬಹುದು. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ಕೂಡದು. ಅಜ್ಜಿಯ ಶುಂಠಿ ಮೆಣಸಿನ ಕಷಾಯವನ್ನು ತೆಳ್ಳಗೆ ಮಾಡಿ ಅರ್ಧ ಲೋಟ ಕುಡಿಸಿದರೆ ತೊಂದರೆ ಇಲ್ಲ, ಪಫ್‌ನ ಬದಲಿಗೆ ಅಲ್ಲ ಅಷ್ಟೇ.

ಸಿರಪ್‌ಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಕೆಮ್ಮಿನ ಸಿರಪ್ ಮಕ್ಕಳ ಕೆಮ್ಮನ್ನು ಗುಣಪಡಿಸುವುದಿಲ್ಲ, ಮಂಪರು ತರಿಸಿ ಮನೆಯವರಿಗೆ ಸಮಾಧಾನ ಕೊಡುತ್ತದೆ. ಕ್ಲೋರ್‌ಫೆನಿರಮಿನ್, ಫಿನೈಲ್‌ಎಫ್ರಿನ್ ಜೊತೆಯಾಗಿರುವ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದು ಎಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಹೇಳಿದ್ದಾರೆ. 2025ರಲ್ಲಿ ಮಧ್ಯಪ್ರದೇಶದಲ್ಲಿ ಕಲಬೆರಕೆ ಸಿರಪ್ ಕುಡಿದ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡ ಮೇಲೆ, ಎರಡು ವರ್ಷದೊಳಗೆ ಕೊಡಲೇಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಎಂಬ ಸೂಚನೆಯೂ ಬಂತು. ನಿಮ್ಮ ಮಗನಿಗೆ ಏಳಾಗಿದೆ, ಆದರೂ ಮನೆಯಲ್ಲಿ ಉಳಿದಿರುವ ಆ ನಾಲ್ಕು ಬಾಟಲಿಗಳಿಂದ ಅವನಿಗೆ ಲಾಭವಿಲ್ಲ. ಚಿಕ್ಕ ಮಕ್ಕಳ ಕೈಗೆ ಸಿಗುವ ಮೊದಲು ಅವನ್ನು ವಿಲೇವಾರಿ ಮಾಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು. ಇಲ್ಲಿ ಆಗುವ ತಪ್ಪು "ಒಂದು ಮುಚ್ಚಳ" ಎಂಬ ಅಳತೆಯದು. ಲೆಕ್ಕ ಹೀಗೆ: ಒಂದು ಕೆ.ಜಿ. ತೂಕಕ್ಕೆ 15 ಮಿ.ಗ್ರಾಂ. 20 ಕೆ.ಜಿ. ಹುಡುಗನಿಗೆ ಒಂದು ಸಲಕ್ಕೆ 300 ಮಿ.ಗ್ರಾಂ. ಬಾಟಲಿ ಮೇಲೆ 5 ಮಿ.ಲೀ.ಗೆ 250 ಮಿ.ಗ್ರಾಂ ಎಂದಿದ್ದರೆ 6 ಮಿ.ಲೀ., 120 ಮಿ.ಗ್ರಾಂ ಎಂದಿದ್ದರೆ 12.5 ಮಿ.ಲೀ. ಎರಡು ಬಾಟಲಿಯೂ ನೋಡಲು ಒಂದೇ ಥರ ಇರುತ್ತವೆ, ಬಣ್ಣ ನೋಡದೆ ಅಂಕಿ ಓದಿ. ಡೋಸ್‌ಗಳ ನಡುವೆ ಕನಿಷ್ಠ 4ರಿಂದ 6 ಗಂಟೆ ಅಂತರವಿರಲಿ, ದಿನಕ್ಕೆ ನಾಲ್ಕು ಸಲ ಮೀರಬಾರದು.

ಪಫ್ ಎಂಬ ಭಯ

ಈಗ ಅತ್ತೆಯವರ ಮಾತು. ಪಫ್ ಚಟ ಹಿಡಿಸುವುದಿಲ್ಲ, ಅದರಲ್ಲಿ ಚಟ ಹಿಡಿಸುವಂಥದ್ದು ಏನೂ ಇಲ್ಲ. ಮೊದಲು ಮಾತ್ರೆ, ಆಮೇಲೆ ಇಂಜೆಕ್ಷನ್, ಏನೂ ಕೈಗೂಡದಿದ್ದಾಗ ಕೊನೆಗೆ ಪಫ್ ಎಂಬ ಕ್ರಮ ನಮ್ಮಲ್ಲಿ ಹಿಂದೆ ಇತ್ತು. ಹಾಗಾಗಿ ಊರಿನವರು ಪಫ್ ಕಂಡದ್ದು ತೀರಾ ಹದಗೆಟ್ಟ ರೋಗಿಗಳ ಕೈಯಲ್ಲಿ, ಭಯ ಬಂದದ್ದೂ ಅಲ್ಲಿಂದಲೇ. ನಿಜ ಏನೆಂದರೆ ಔಷಧಿ ಬೇಕಿರುವ ಜಾಗಕ್ಕೆ ನೇರವಾಗಿ, ಅತಿ ಕಡಿಮೆ ಪ್ರಮಾಣದಲ್ಲಿ ತಲುಪಿಸುವ ದಾರಿ ಇದು. ಅವರಿಗೆ ಲೆಕ್ಕ ತೋರಿಸಿ: ಉಬ್ಬಸ ಜೋರಾದಾಗ ಬಾಯಿಗೆ ಕೊಡುವ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ 20 ಕೆ.ಜಿ. ಮಗುವಿಗೆ ದಿನಕ್ಕೆ ಕನಿಷ್ಠ 20 ಮಿ.ಗ್ರಾಂ. ದಿನಾ ಎಳೆಯುವ ಪಫ್‌ನಲ್ಲಿ ಬ್ಯುಡೆಸೊನೈಡ್ ಎಂಬ ಸ್ಟಿರಾಯ್ಡ್ ಇರುವುದು ಸಾಮಾನ್ಯವಾಗಿ ದಿನಕ್ಕೆ 0.1ರಿಂದ 0.2 ಮಿ.ಗ್ರಾಂ. ಬರೀ ತೂಕದ ಲೆಕ್ಕದಲ್ಲಿ ಬಾಯಿಗೆ ಹಾಕುವ ಒಂದು ದಿನದ ಔಷಧಿ, ಪಫ್‌ನ ಕನಿಷ್ಠ ನೂರು ದಿನಕ್ಕೆ ಸಮ. ಪಫ್ ತಪ್ಪಿಸಿ ಬಾಯಿಗೆ ಸ್ಟಿರಾಯ್ಡ್ ಕೊಟ್ಟಾಗ ಮಗುವಿಗೆ ಹೆಚ್ಚು ಔಷಧಿ ಹೋಗುತ್ತದೆ.

ನಿಮ್ಮ ಡಾಕ್ಟರು ಬರೆದದ್ದು ಒಂದು ಪಫ್ಫೋ ಎರಡೋ ಚೀಟಿ ನೋಡಿ. ಸಾಲ್ಬುಟಮಾಲ್ ಬಿಗಿತ ಸಡಿಲಿಸುವುದು, ಕೆಲವೇ ನಿಮಿಷದಲ್ಲಿ ಕೆಲಸ ಮಾಡುತ್ತದೆ, ಆದರೆ ಊತ ಮುಟ್ಟುವುದಿಲ್ಲ. ಬ್ಯುಡೆಸೊನೈಡ್‌ನಂಥದ್ದು ಊತ ಇಳಿಸುವುದು, ದಿನಾ ಎಳೆಯಬೇಕು, ಗುಣ ಕಾಣಲು ಒಂದೆರಡು ವಾರ ಬೇಕು. ಮೂರು ದಿನ ಎಳೆದು "ಏನೂ ಪ್ರಯೋಜನ ಇಲ್ಲ" ಎಂದು ಬಿಡುವುದು, ಅಥವಾ ತಿಂಗಳಿಗೆ ಕೆಮ್ಮು ನಿಂತಿತೆಂದು ಬಿಡುವುದು, ಎರಡೂ ಬಹಳ ಕಂಡುಬರುತ್ತವೆ. ಎರಡು ಪಫ್‌ಗಳನ್ನೂ ಬಣ್ಣದಿಂದ ಗುರುತಿಟ್ಟುಕೊಳ್ಳಬೇಡಿ, ಕಂಪನಿ ಬದಲಾದರೆ ಬಣ್ಣ ಬದಲಾಗುತ್ತದೆ. ಡಬ್ಬಿಯ ಮೇಲೆ "ದಿನಾ" ಮತ್ತು "ಕೆಮ್ಮು ಬಂದಾಗ" ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿ.

ನಿಮ್ಮ ಮುಂದೆ ಇರುವ ದಾರಿಗಳು ಹೀಗಿವೆ. ಈವರೆಗಿನಂತೆ ಕೆಮ್ಮು ಬಂದಾಗಲೆಲ್ಲ ಸಿರಪ್, ಆಂಟಿಬಯೋಟಿಕ್ ಕೊಡುತ್ತಾ ಹೋಗಬಹುದು. ಫಲ ಏನೆಂದು ಎರಡು ವರ್ಷ ನೋಡಿದ್ದೀರಿ, ನಿದ್ದೆಗೆಟ್ಟ ಹುಡುಗ ತರಗತಿಯಲ್ಲಿ ತೂಕಡಿಸುತ್ತಾನೆ, ಒಂದು ರಾತ್ರಿ ಉಸಿರೇ ಕಟ್ಟಬಹುದು. ಬರೀ ಸಾಲ್ಬುಟಮಾಲ್ ಮಾತ್ರ ಬೇಕಾದಾಗ ಎಳೆಯಬಹುದು. ತಿಂಗಳಿಗೆ ಒಂದು ಸಲ ಬರುವ ಕೆಮ್ಮಿಗೆ ಅದು ಸಾಕೆನಿಸುತ್ತದೆ, ನಿಮ್ಮ ಮಗನಂತೆ ರಾತ್ರಿ ರಾತ್ರಿ ಏಳುವವರಿಗೆ ಸಾಲದು. ಊತ ಒಳಗೊಳಗೇ ಬೆಳೆದು ಪಫ್ ಮೇಲೆ ಪಫ್ ಬೇಕಾಗುತ್ತದೆ, ಅದೇ ಅಪಾಯದ ಸೂಚನೆ. ಮಾಂಟೆಲುಕಾಸ್ಟ್ ಮಾತ್ರೆ ಇದೆ, ಅಗಿದು ತಿನ್ನಬಹುದು, ಮನೆಯವರಿಗೆ ಇಷ್ಟ. ಆದರೆ ಅದು ಪಫ್‌ನಷ್ಟು ಪರಿಣಾಮಕಾರಿಯಲ್ಲ. ಕೆಲವು ಮಕ್ಕಳಲ್ಲಿ ಕೆಟ್ಟ ಕನಸು, ಸಿಡುಕು, ನಡವಳಿಕೆಯ ಬದಲಾವಣೆ ತರುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಅದಕ್ಕೆ ಅತಿ ಗಂಭೀರ ಎಚ್ಚರಿಕೆ ಹಾಕಿತು. ಕೊಟ್ಟರೆ ಈ ಬದಲಾವಣೆ ಗಮನಿಸಬೇಕು.

ನಾಲ್ಕನೆಯದು ಮತ್ತು ನಿಮ್ಮ ಮಗನಿಗೆ ನಾನು ಹೇಳುವುದು, ಕಡಿಮೆ ಪ್ರಮಾಣದ ಸ್ಟಿರಾಯ್ಡ್ ಪಫ್ ದಿನಾ, ಕನಿಷ್ಠ ಮೂರು ತಿಂಗಳು ಕೆಮ್ಮಿಲ್ಲದೆ ಕಳೆಯುವವರೆಗೆ. ಆಮೇಲೆ ಡಾಕ್ಟರೇ ಹಂತ ಹಂತವಾಗಿ ಇಳಿಸುತ್ತಾರೆ. ಇದರಲ್ಲೂ ತೊಂದರೆ ಇಲ್ಲವೆಂದಲ್ಲ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ, ದನಿ ಒರಟಾಗುವುದು ಆಗಬಹುದು. ಮೊದಲ ವರ್ಷ ಎತ್ತರ ಬೆಳೆಯುವುದರಲ್ಲಿ ಒಂದು ಸೆಂಟಿಮೀಟರಿನಷ್ಟು, ಇಲ್ಲವೇ ಅದಕ್ಕೂ ಕಡಿಮೆ ವ್ಯತ್ಯಾಸ ಕಾಣಬಹುದು, ವರ್ಷ ವರ್ಷಕ್ಕೆ ಅದು ಕೂಡುತ್ತಾ ಹೋಗುವುದಿಲ್ಲ. ನಿಯಂತ್ರಣವಿಲ್ಲದ ಆಸ್ತಮಾ ಕೂಡ ಬೆಳವಣಿಗೆ ಕುಗ್ಗಿಸುತ್ತದೆ ಎಂಬುದನ್ನು ಇದರ ಜೊತೆಗಿಟ್ಟು ತೂಗಿ ನೋಡಿ.

ಔಷಧಿ ಸರಿಯಿದ್ದೂ ಕೆಲಸ ಮಾಡದಿದ್ದರೆ ಹತ್ತರಲ್ಲಿ ಬಹುಪಾಲು ಎಳೆಯುವ ರೀತಿಯಲ್ಲೇ ತಪ್ಪಿರುತ್ತದೆ. ಪಫ್ ಮತ್ತು ಬಾಯಿಯ ನಡುವೆ ಹಿಡಿಯುವ ಪ್ಲಾಸ್ಟಿಕ್ ಕೊಳವೆಯೇ ಸ್ಪೇಸರ್; ಅದಿಲ್ಲದೆ ಬಾಯಿಗೆ ನೇರ ಹೊಡೆದರೆ ಔಷಧಿ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಹುಡುಗನನ್ನು ನೆಟ್ಟಗೆ ಕೂರಿಸಿ. ಪಫ್ ಡಬ್ಬಿಯನ್ನು ಚೆನ್ನಾಗಿ ಕುಲುಕಿ ಸ್ಪೇಸರಿಗೆ ಸಿಕ್ಕಿಸಿ. ಉಸಿರು ಹೊರಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ ಹಿಡಿಯಲಿ. ಒಂದೇ ಒಂದು ಸಲ ಒತ್ತಿ, ಅವನು ನಿಧಾನವಾಗಿ ಐದು ಸಲ ಉಸಿರಾಡಲಿ. ಸ್ಪೇಸರ್ ಪೀಪಿಯಂತೆ ಕೂಗಿದರೆ ಜೋರಾಗಿ ಎಳೆಯುತ್ತಿದ್ದಾನೆ ಎಂದರ್ಥ. ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಿ ಇನ್ನೊಂದು. ಎರಡನ್ನು ಒಟ್ಟಿಗೆ ಒತ್ತಿದರೆ ಎರಡರ ಔಷಧಿ ಸಿಗುವುದಿಲ್ಲ. ವಾರಗಟ್ಟಲೆ ಬಳಸದ ಡಬ್ಬಿಯಾದರೆ ಮೊದಲು ಎರಡು ಸಲ ಗಾಳಿಗೆ ಒತ್ತಿ. ತಿಂಗಳಿಗೊಮ್ಮೆ ಸ್ಪೇಸರನ್ನು ಪಾತ್ರೆ ತೊಳೆಯುವ ಸೋಪುನೀರಿನಲ್ಲಿ ಅದ್ದಿ ತೆಗೆದು ಒರೆಸದೆ ಒಣಗಲು ಬಿಡಿ. ಬಟ್ಟೆಯಲ್ಲಿ ಉಜ್ಜಿದರೆ ಪ್ಲಾಸ್ಟಿಕ್ಕಿಗೆ ವಿದ್ಯುದಾವೇಶ ಬಂದು ಔಷಧಿಯ ಕಣಗಳು ಗೋಡೆಗೇ ಅಂಟುತ್ತವೆ. ಡಬ್ಬಿ ಖಾಲಿಯಾಯಿತೇ ಎಂದು ನೀರಲ್ಲಿ ತೇಲಿಸಿ ನೋಡುವ ರೂಢಿ ನಂಬಿಕೆಗೆ ಅರ್ಹವಲ್ಲ. ಸಾಮಾನ್ಯವಾಗಿ 200 ಪಫ್ ಇರುತ್ತದೆ. ದಿನಕ್ಕೆ ಎರಡಾದರೆ ನೂರು ದಿನ, ಶುರು ಮಾಡಿದ ದಿನಾಂಕವನ್ನು ಡಬ್ಬಿ ಮೇಲೆ ಬರೆದಿಡಿ.

ಸ್ಪೇಸರ್ ಕೊಳ್ಳುವುದು ಕಷ್ಟವಾದರೆ, ಅಥವಾ ಶಾಲೆಯಲ್ಲಿ ಇಡಲು ಇನ್ನೊಂದು ಬೇಕಾದರೆ, 500 ಮಿ.ಲೀ.ಯ ಗಟ್ಟಿ ಪ್ಲಾಸ್ಟಿಕ್ ಬಾಟಲಿ ಸಾಕು. ತಳದಲ್ಲಿ ಪಫ್‌ನ ಬಾಯಿಯ ಆಕಾರವನ್ನು ಪೆನ್ನಿನಿಂದ ಗುರುತಿಸಿ, ಕಾಯಿಸಿದ ತಂತಿಯಿಂದ ಅದಕ್ಕಿಂತ ಒಂದು ಕೂದಲೆಳೆ ಚಿಕ್ಕದಾಗಿ ರಂಧ್ರ ಮಾಡಿ, ಪಫ್ ಬಿಗಿಯಾಗಿ ತೂರಬೇಕು. ಸಂದು ಉಳಿದರೆ ಟೇಪ್ ಸುತ್ತಿ. ಸೋಪುನೀರಿನಲ್ಲಿ ತೊಳೆದು ಒಣಗಿಸಿ. ಹುಡುಗ ಬಾಟಲಿಯ ಬಾಯಿಯಿಂದ ಉಸಿರಾಡುತ್ತಾನೆ. ದಕ್ಷಿಣ ಆಫ್ರಿಕದ ವೈದ್ಯರು ಇದನ್ನು ಮಕ್ಕಳಲ್ಲಿ ಪರೀಕ್ಷಿಸಿ ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆಂದು ಕಂಡುಕೊಂಡಿದ್ದಾರೆ. ಎಳೆಯುವುದನ್ನು ಒಮ್ಮೆ ಡಾಕ್ಟರ ಎದುರೇ ಮಾಡಿ ತೋರಿಸಿ. ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಮಿಮ್ಸ್), ಮೈಸೂರಿನ ಚೆಲುವಾಂಬ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲೂ ಕೇಳಿ ಕಲಿಯಬಹುದು.

ಬೆಳಗ್ಗೆ ಎಂಟು ಗಂಟೆಯ ತೀರ್ಮಾನ

ಶಾಲೆಯ ಹಾಳೆಯಲ್ಲಿರುವ "ನೆಗಡಿ ಕೆಮ್ಮು ಇದ್ದರೆ ಕಳಿಸಬೇಡಿ" ಎಂಬ ಸಾಲು ಪಾಲಿಸಲು ಆಗದ್ದು. ಹಾಗೆ ಮಾಡಿದರೆ ಜನವರಿಯಲ್ಲಿ ಅರ್ಧ ತರಗತಿ ಖಾಲಿ. ಕಳಿಸದಿರಬೇಕಾದದ್ದು ಜ್ವರ ಇದ್ದಾಗ. ಪ್ಯಾರಾಸಿಟಮಾಲ್ ಕೊಡದೆಯೇ 24 ಗಂಟೆ ಜ್ವರವಿಲ್ಲದೆ ಕಳೆದ ಮೇಲೆ ಕಳಿಸಿ. ಬೆಳಗ್ಗೆ ಸಿರಪ್ ಕುಡಿಸಿ ಮೈ ತಣ್ಣಗಾಯಿತೆಂದು ಕಳಿಸಿದರೆ ಹನ್ನೆರಡು ಗಂಟೆಗೆ ಜ್ವರ ಮತ್ತೆ ಏರುತ್ತದೆ, ಅಷ್ಟರಲ್ಲಿ ಬೆಂಚಿನ ಮಕ್ಕಳಿಗೂ ಹರಡಿರುತ್ತದೆ. ವಾಂತಿ ಭೇದಿ ಆಗಿದ್ದರೆ ನಿಂತು 48 ಗಂಟೆ ಆಗಲಿ. ಸೀತಾಳೆ ಸಿಡುಬಿಗೆ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ, ಮಂಗನಬಾವಿಗೆ ಊತ ಬಂದ ಮೇಲೆ ಐದು ದಿನ ಮನೆಯಲ್ಲಿರಲಿ. ತಲೆಹೇನಿಗೆ ರಜೆ ಬೇಕಿಲ್ಲ.

ನಿಮ್ಮ ಮಗನಿಗೆ ಇದಕ್ಕಿಂತ ಮುಖ್ಯ ಉಸಿರಿನ ಎಣಿಕೆ. ಅವನು ನಿದ್ದೆಯಲ್ಲಿರುವಾಗ ಅಂಗಿ ಮೇಲೆತ್ತಿ, ಮೊಬೈಲಿನಲ್ಲಿ ಪೂರ್ತಿ ಒಂದು ನಿಮಿಷ ಇಟ್ಟು ಹೊಟ್ಟೆ ಎಷ್ಟು ಸಲ ಏಳುತ್ತದೆಂದು ಎಣಿಸಿ. ಆರೋಗ್ಯವಾಗಿದ್ದ ದಿನದ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಐದು ವರ್ಷ ಮೀರಿದ ಮಗುವಿಗೆ ಅದು 30 ಮುಟ್ಟಿದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಹೋಗುತ್ತಿದ್ದರೆ ಅಂದು ಶಾಲೆಯಲ್ಲ, ಆಸ್ಪತ್ರೆ. ಉಬ್ಬಸ ಬಂದಾಗ ಡಾಕ್ಟರು ಬರೆದಷ್ಟು ಸಾಲ್ಬುಟಮಾಲ್, ಸಾಮಾನ್ಯವಾಗಿ ನಾಲ್ಕು ಪಫ್, ಒಂದೊಂದಾಗಿ ಕೊಡಿ. 20 ನಿಮಿಷಕ್ಕೆ ಇಳಿಯದಿದ್ದರೆ ಮತ್ತೆ ಕೊಡಿ, ಕೊಡುತ್ತಲೇ ಹೊರಡಿ. ಒಂದು ವಾಕ್ಯ ಪೂರ್ತಿ ಮಾಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಮಂಕಾದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಸದ್ದು ನಿಂತಿತು ಎಂದು ಸಮಾಧಾನಪಡುವ ಮೊದಲು ಮುಖ ನೋಡಿ. ಗಾಳಿಯೇ ಆಡದಷ್ಟು ಕಟ್ಟಿದಾಗಲೂ ಸುಂಯ್ ನಿಲ್ಲುತ್ತದೆ.

ಡ್ಯಾನ್ಸ್ ಬಿಡಿಸಬೇಡಿ. ಕುಣಿಯಲಾಗದ ಮಗು ಎಂದರೆ ಚಿಕಿತ್ಸೆ ಸಾಲದು ಎಂದರ್ಥ, ಕುಣಿತ ಹೆಚ್ಚಾಯಿತು ಎಂದಲ್ಲ. ಡಾಕ್ಟರು ಒಪ್ಪಿದರೆ ಪ್ರಾಕ್ಟೀಸಿಗೆ 15 ನಿಮಿಷ ಮುಂಚೆ ಎರಡು ಪಫ್ ಸಾಲ್ಬುಟಮಾಲ್, ಮೊದಲ ಹತ್ತು ನಿಮಿಷ ನಿಧಾನ ಹೆಜ್ಜೆ, ಆಮೇಲೆ ಜೋರು. ದಿನದ ಪಫ್ ಒಂದೆರಡು ತಿಂಗಳು ಸರಿಯಾಗಿ ಆದಮೇಲೆ ಈ ಮುಂಚಿನ ಪಫ್ ಬಹಳ ಮಕ್ಕಳಿಗೆ ಬೇಕೇ ಆಗುವುದಿಲ್ಲ. ಜ್ವರದ ಫ್ಲೂ ಲಸಿಕೆಯನ್ನೂ ಕೇಳಿ, ಆಸ್ತಮಾ ಇರುವ ಮಕ್ಕಳಿಗೆ ವರ್ಷಕ್ಕೊಮ್ಮೆ ಹಾಕಿಸುವುದು ಒಳ್ಳೆಯದು. 9 ವರ್ಷದೊಳಗೆ ಮೊದಲ ಸಲವಾದರೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್.

ಶಾಲೆಯ ಹಾಳೆಗೆ ನೀವೂ ಒಂದು ಹಾಳೆ ಬರೆದು ಕೊಡಿ. ಮಗನ ಹೆಸರು, ಆಸ್ತಮಾ ಇದೆ ಎಂಬ ಒಂದು ಸಾಲು, ಯಾವ ಪಫ್, ಎಷ್ಟು, ಯಾವಾಗ, ಇಳಿಯದಿದ್ದರೆ ಏನು ಮಾಡಬೇಕು, ನಿಮ್ಮ ಮತ್ತು ಅವನ ಚಿಕ್ಕಪ್ಪನ ಫೋನ್ ನಂಬರು. ಡಾಕ್ಟರ ಸಹಿ ಇದ್ದರೆ ಮೇಡಂಗೆ ಧೈರ್ಯ. ಪಫ್ ಮತ್ತು ಬಾಟಲಿ ಸ್ಪೇಸರ್ ತರಗತಿಯಲ್ಲೇ, ಮೇಡಂ ಮೇಜಿನ ಡ್ರಾದಲ್ಲಿರಲಿ. ಮುಖ್ಯ ಶಿಕ್ಷಕರ ಬೀರುವಿಗೆ ಬೀಗ ಹಾಕಿದ್ದರೆ ಕೀ ಹುಡುಕುವಷ್ಟರಲ್ಲಿ ಹೊತ್ತು ಹೋಗುತ್ತದೆ. ಅದರ ಕೆಳಗೇ ಶಾಲೆಗೆ ಮೂರು ಕೋರಿಕೆ ಬರೆಯಬಹುದು: ಕಸ ಗುಡಿಸುವುದು ಮಕ್ಕಳು ಬರುವ ಮೊದಲು, ನೀರು ಚಿಮುಕಿಸಿ. ಚಳಿ ಎಂದು ಕಿಟಕಿಗಳನ್ನೆಲ್ಲ ಮುಚ್ಚದಿರಲಿ, ಮುಚ್ಚಿದ ಕೋಣೆಯಲ್ಲೇ ವೈರಸ್ ಬೇಗ ಹರಡುತ್ತದೆ. ಮೈದಾನದ ತರಗೆಲೆಗೆ ಬೆಂಕಿ ಬೇಡ, ಮೂಲೆಯಲ್ಲಿ ಗುಂಡಿ ತೋಡಿ ಗೊಬ್ಬರ ಮಾಡಲಿ. ಹುಡುಗನನ್ನು ಬೋರ್ಡಿನ ಕೆಳಗಿನ ಮೊದಲ ಸಾಲಿನಿಂದ ಎಬ್ಬಿಸಿ ಕಿಟಕಿ ಪಕ್ಕ ಕೂರಿಸಿದರೆ ಬಳಪದ ಪುಡಿಯಿಂದಲೂ ದೂರ.

ಪಫ್ ಶುರು ಮಾಡಿದ ದಿನದಿಂದ ಕ್ಯಾಲೆಂಡರಿನಲ್ಲಿ ರಾತ್ರಿ ಎದ್ದ ದಿನಕ್ಕೆ ಒಂದು ಗೀಟು, ಸಾಲ್ಬುಟಮಾಲ್ ಕೊಟ್ಟ ದಿನಕ್ಕೆ ಒಂದು ಸುತ್ತು ಹಾಕಿ. ನಾಲ್ಕು ವಾರಕ್ಕೆ ಆ ಕ್ಯಾಲೆಂಡರನ್ನೂ, ಪಫ್ ಮತ್ತು ಸ್ಪೇಸರನ್ನೂ ಎತ್ತಿಕೊಂಡು ಡಾಕ್ಟರ ಹತ್ತಿರ ಹೋಗಿ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ರಾತ್ರಿ ಮೊಮ್ಮಗನ ಪಕ್ಕ ಎದ್ದು ಕೂರುವವರು ಅವರೂ ಆಗಿರುತ್ತಾರೆ, ಕೇಳಬೇಕಾದ್ದನ್ನು ಅವರೇ ಕೇಳಲಿ.